ಗಂಟಲಿಗೂ ಸ್ಕ್ಯಾನಿಂಗ್ ಇದೆಯೇ?

ಪ್ರಶ್ನೆ: ತಂದೆಗೆ ಪಾರ್ಕಿನ್ಸನ್ಸ್. ನೀರು ಕುಡಿದರೆ ಕೆಮ್ಮು. ಗರ್ಭಿಣಿಯರಿಗೆ ಮಾಡುವ ಸ್ಕ್ಯಾನಿಂಗ್‌ನಿಂದ ನುಂಗುವ ತೊಂದರೆ ತಿಳಿಯುತ್ತದೆಯೇ?
– ಓದುಗರು, ಹೊನ್ನಾಳಿ

ಉತ್ತರ: ಒಂದು ಮಟ್ಟಿಗೆ ತಿಳಿಯುತ್ತದೆ. ಗದ್ದದ ಕೆಳಗೆ ಜೆಲ್ ಹಚ್ಚಿ, ಪ್ರೋಬ್ ಇಟ್ಟು, ಒಂದು ಗುಟುಕು ನೀರು ನುಂಗಿಸುತ್ತಾರೆ. ನಾಲಿಗೆ ಅಲೆಯಂತೆ ಹಿಂದಕ್ಕೆ ಉರುಳುವುದು, ಅದರ ಬುಡದ ಹಯಾಯ್ಡ್ ಮೂಳೆ ಮೇಲಕ್ಕೂ ಮುಂದಕ್ಕೂ ಸರಿದು ಮರಳುವುದು ಪರದೆಯಲ್ಲಿ ಕಾಣುತ್ತದೆ. ಪಾರ್ಕಿನ್ಸನ್ಸ್‌ನಲ್ಲಿ ಕೈಕಾಲಿನಂತೆ ಈ ಸ್ನಾಯುಗಳೂ ನಿಧಾನ. ನಾಲಿಗೆ ತುತ್ತನ್ನು ಹಿಂದೆ ಮುಂದೆ ತೂಗುತ್ತಲೇ ಇರುತ್ತದೆ. ನುಂಗುವ ಕಷ್ಟವನ್ನು ಜೇಮ್ಸ್ ಪಾರ್ಕಿನ್ಸನ್ 1817ರಲ್ಲೇ ದಾಖಲಿಸಿದ್ದರು.

ಈ ಸ್ಕ್ಯಾನಿಂಗ್‌ನಲ್ಲಿ ವಿಕಿರಣವಿಲ್ಲ, ಮತ್ತೆ ಮತ್ತೆ ಮಾಡಬಹುದು. ಆದರೆ ನೀರು ಶ್ವಾಸನಾಳಕ್ಕೆ ಇಳಿಯಿತೇ ಎಂದು ಖಚಿತಪಡಿಸಲು ಬೇರಿಯಂ ಎಕ್ಸ್‌ರೇ ವಿಡಿಯೊ ಅಥವಾ ಮೂಗಿನ ಮೂಲಕ ಬಿಡುವ ಎಂಡೋಸ್ಕೋಪಿಯೇ ಬೇಕು. ಕೆಲವರಿಗೆ ಕೆಮ್ಮೇ ಬರದೆ ನೀರು ಶ್ವಾಸಕೋಶಕ್ಕಿಳಿದು ನ್ಯುಮೋನಿಯಾ ಆಗುತ್ತದೆ. ನನಗೆ ಹೆಚ್ಚು ಭಯ ಅದರದೇ. ಹಾಗಾಗಿ ತಡಮಾಡಬೇಡಿ: ನರರೋಗ ತಜ್ಞರ ಜೊತೆಗೆ ವಾಕ್ ಚಿಕಿತ್ಸಕರಿಗೂ ತೋರಿಸಿ. ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗಳಲ್ಲಿ ಇಂಥ ತಜ್ಞರಿದ್ದಾರೆ.

ಅಲ್ಲಿಯವರೆಗೆ ನೆಟ್ಟಗೆ ಕೂರಿಸಿ, ಸಣ್ಣ ಗುಟುಕು ಕೊಡಿ. ಮುದ್ದೆಯನ್ನು ಅಗಿಯದೆ ನುಂಗುವ ನಮ್ಮ ರೂಢಿ ಈಗ ಅವರಿಗೆ ಬೇಡ.