ಎಟುಕುವ ದ್ರಾಕ್ಷಿ: ನಾಪಾ-ಸೋನೋಮಾಗೆ ಇಬ್ಬರೇ, ಐನೂರು ಡಾಲರಿನೊಳಗೆ



ಎಟುಕದ ದ್ರಾಕ್ಷಿ ಹುಳಿ ಎಂದ ನರಿಯ ಕಥೆ ನಮಗೆಲ್ಲ ಗೊತ್ತು. ಬೇ ಏರಿಯಾದ ಕನ್ನಡಿಗರಿಗೆ ನಾಪಾ ಕಣಿವೆ ಅಂಥದ್ದೇ ದ್ರಾಕ್ಷಿ! ಮನೆಯಿಂದ ಎರಡು ಗಂಟೆಯ ದಾರಿ. ಊರಿಂದ ಅಪ್ಪ ಅಮ್ಮ ಬಂದಾಗ ಎಲ್ಲರನ್ನೂ ವ್ಯಾನಿನಲ್ಲಿ ತುಂಬಿಕೊಂಡು ಹೋಗಿ, ತೋಟದ ಮುಂದೆ ಫೋಟೋ ಹೊಡೆದು ವಾಪಸಾಗಿರುತ್ತೇವೆ. ಆದರೆ ಗಂಡ ಹೆಂಡತಿ ಇಬ್ಬರೇ ಹೋಗಿ ಒಂದು ರಾತ್ರಿ ಉಳಿದು ಬರೋಣ ಅಂದರೆ, "ಅಯ್ಯೋ, ಸಾವಿರ ಡಾಲರ್ ಖರ್ಚು, ಇನ್ನೊಮ್ಮೆ ನೋಡೋಣ" ಅಂತ ಮುಂದೂಡುತ್ತೇವೆ. ಆ ಇನ್ನೊಮ್ಮೆ ಬರುವಷ್ಟರಲ್ಲಿ ಮಕ್ಕಳು ಕಾಲೇಜಿಗೆ ಹೋಗಿರುತ್ತಾರೆ.

ನಮ್ಮ ಮನೆಯಲ್ಲಂತೂ ಇಬ್ಬರ ನಡುವಿನ ಮಾತು ಎಂದರೆ "ಹಾಲು ಮುಗಿದಿದೆ", "ಸಾಕರ್ ಪ್ರಾಕ್ಟೀಸಿಗೆ ಇವತ್ತು ಯಾರು ಬಿಡೋದು" ಇಷ್ಟೇ ಆಗಿಬಿಟ್ಟಿತ್ತು. ಆದ್ದರಿಂದ ಕೆಲವು ವರ್ಷಗಳಿಂದ ಫೆಬ್ರವರಿಯಲ್ಲಿ ಒಂದು ರಾತ್ರಿಯ ಮಟ್ಟಿಗೆ ಅತ್ತ ಕಡೆ ಹೋಗಿ ಬರುವುದನ್ನು ರೂಢಿ ಮಾಡಿಕೊಂಡಿದ್ದೇವೆ. ನಮ್ಮ ಯಜಮಾನರು ಕುಡಿಯುವುದಿಲ್ಲ. ನಾನು ರುಚಿ ನೋಡುವ ಪೈಕಿ. ಇದು ವೈನ್ ಕುಡಿಯಿರಿ ಎಂದು ಹೇಳುವ ಲೇಖನ ಅಲ್ಲ. ಹೋಗುವ ಆಸೆ ಇದ್ದೂ ದುಡ್ಡಿಗೆ ಹೆದರಿ ಕೂತವರಿಗೆ ಒಂದು ಲೆಕ್ಕಾಚಾರ, ಅಷ್ಟೇ.

ದುಡ್ಡು ಹೋಗುವುದು ಎಲ್ಲಿ?

ವೈನ್ ಕಂಟ್ರಿಯಲ್ಲಿ ದುಬಾರಿ ವಸ್ತು ವೈನ್ ಅಲ್ಲ, ಶನಿವಾರ! ನಾಪಾ ಊರಿನೊಳಗೆ ಶನಿವಾರ ರಾತ್ರಿಯ ಹೋಟೆಲ್ ರೂಮಿಗೆ 350-400 ಡಾಲರ್ ಆಗುವುದು ಸಾಮಾನ್ಯ. ನಾಪಾದ ವೈನರಿಗಳಲ್ಲಿ ಟೇಸ್ಟಿಂಗ್ ಶುಲ್ಕ ಒಬ್ಬರಿಗೆ 50 ಡಾಲರ್ ದಾಟುವುದೂ ಸಾಮಾನ್ಯವೇ. ಇಬ್ಬರೂ ದಿನಕ್ಕೆ ಎರಡರಂತೆ ನಾಲ್ಕು ವೈನರಿ ನೋಡಿದರೆ, ತಲಾ 60 ಎಂದರೂ 480 ಡಾಲರ್. ಊಟಕ್ಕೆ ಮುಂಚೆಯೇ 830 ಮುಟ್ಟಿತು ನೋಡಿ.

ಹಾಗಾಗಿ ನನ್ನ ಸೂತ್ರ ಮೂರೇ: ಶನಿವಾರ ಬಿಡಿ, ದಿನಕ್ಕೆ ಒಂದೇ ವೈನರಿ ನೋಡಿ, ನಾಪಾದಲ್ಲಿ ಸುತ್ತಾಡಿ ಆದರೆ ಮಲಗುವುದು ಬೇರೆ ಕಡೆ ಇಟ್ಟುಕೊಳ್ಳಿ.

ಯಾವ ದಿನ, ಯಾವ ತಿಂಗಳು?

ನಾವು ಭಾನುವಾರ ಬೆಳಿಗ್ಗೆ ಹೊರಟು ಸೋಮವಾರ ಸಂಜೆ ವಾಪಸು. ಭಾನುವಾರ ರಾತ್ರಿ ಹೋಟೆಲ್ ದರ ಇಳಿದಿರುತ್ತದೆ, ಆಫೀಸಿಗೆ ರಜೆ ಒಂದೇ ದಿನ ಸಾಕು. ಸಣ್ಣ ವೈನರಿಗಳು, ರೆಸ್ಟೋರೆಂಟುಗಳು ವಾರದ ನಡುವೆ ಒಂದೆರಡು ದಿನ ಬಾಗಿಲು ಹಾಕುತ್ತವೆ. ಅದನ್ನು ಮಾತ್ರ ಮೊದಲೇ ನೋಡಿಕೊಳ್ಳಿ.

ಆಗಸ್ಟಿನಿಂದ ಅಕ್ಟೋಬರ್‌ವರೆಗೆ ಸುಗ್ಗಿ. ತೋಟಗಳಲ್ಲಿ ದ್ರಾಕ್ಷಿ ತೂಗಾಡುವ ಕಾಲ, ಜನವೂ ದರವೂ ಏರುವ ಕಾಲ. ಕಾಳ್ಗಿಚ್ಚಿನ ಭಯ ಹೆಚ್ಚಿರುವುದೂ ಆಗಲೇ. 2017ರ ಅಕ್ಟೋಬರಿನಲ್ಲಿ ಟಬ್ಸ್ ಫೈರ್ ಕ್ಯಾಲಿಸ್ಟೋಗಾ ಬಳಿ ಹೊತ್ತಿಕೊಂಡು ಒಂದೇ ರಾತ್ರಿಯಲ್ಲಿ ಸಾಂಟಾ ರೋಸಾ ತಲುಪಿತ್ತು. 2020ರ ಸೆಪ್ಟೆಂಬರಿನಲ್ಲಿ ಗ್ಲಾಸ್ ಫೈರ್ ಬಂತು. ಆ ತಿಂಗಳುಗಳಲ್ಲೇ ಹೋಗುವುದಾದರೆ, ಕ್ಯಾನ್ಸಲ್ ಮಾಡಿದರೆ ಹಣ ವಾಪಸು ಬರುವಂಥ ರೂಮನ್ನೇ ತೆಗೆದುಕೊಳ್ಳಿ.

ನಾನು ಆರಿಸುವುದು ಜನವರಿ ಕೊನೆಯಿಂದ ಮಾರ್ಚ್ ಮೊದಲ ವಾರದವರೆಗಿನ ಕಾಲ. ದ್ರಾಕ್ಷಿ ಬಳ್ಳಿಗಳು ಬೋಳಾಗಿರುತ್ತವೆ ನಿಜ, ಆದರೆ ಸಾಲುಗಳ ನಡುವೆ ಸಾಸಿವೆ ಹೂ ಬಿಟ್ಟಿರುತ್ತದೆ. ಕಣಿವೆಯುದ್ದಕ್ಕೂ ಹಳದಿ! ನಮ್ಮೂರ ಕಡೆ ಹುಚ್ಚೆಳ್ಳಿನ ಹೊಲ ನೋಡಿದವರಿಗೆ ಆ ಬಣ್ಣ ಎಂಥದ್ದೆಂದು ಹೇಳಬೇಕಿಲ್ಲ. ವ್ಯಾಲೆಂಟೈನ್ಸ್ ಡೇ ಮತ್ತು ಪ್ರೆಸಿಡೆಂಟ್ಸ್ ಡೇ ವಾರಾಂತ್ಯಗಳನ್ನು ಮಾತ್ರ ತಪ್ಪಿಸಿ.

ಮಕ್ಕಳು?

ಬೇಬಿಸಿಟ್ಟರ್‌ಗೆ ರಾತ್ರಿಯಿಡೀ ದುಡ್ಡು ಕೊಟ್ಟರೆ ಉಳಿತಾಯವೆಲ್ಲ ನೀರಿಗೆ ಹೋದಂತೆ. ಅದಕ್ಕೆ ನಮ್ಮ ಕೂಟದ್ದೇ ಇನ್ನೊಂದು ಕುಟುಂಬದ ಜೊತೆ ಮುಯ್ಯಿ ಲೆಕ್ಕ ಇಟ್ಟುಕೊಂಡಿದ್ದೇವೆ. ನಮ್ಮ ಮಕ್ಕಳು ಭಾನುವಾರ ರಾತ್ರಿ ಅವರ ಮನೆಯಲ್ಲಿ ಮಲಗಿ, ಸೋಮವಾರ ಅಲ್ಲಿಂದಲೇ ಸ್ಕೂಲಿಗೆ ಹೋಗುತ್ತಾರೆ. ಮುಂದಿನ ತಿಂಗಳು ಅವರ ಮಕ್ಕಳು ನಮ್ಮಲ್ಲಿಗೆ, ಅವರಿಬ್ಬರು ತಿರುಗಾಟಕ್ಕೆ. ಮಕ್ಕಳಿಗೆ ಇದೇ ದೊಡ್ಡ ಹಬ್ಬ.

ಮೊದಲ ದಿನ: ಸೋನೋಮಾ

ಫ್ರೀಮಾಂಟ್ ಕಡೆಯವರು 680ರಲ್ಲಿ ಉತ್ತರಕ್ಕೆ ಹೋಗಿ ಬೆನೀಶಿಯಾ ಸೇತುವೆ ದಾಟಿ, ವಲೇಹೋ ಮೂಲಕ 37 ಮತ್ತು 121ನೇ ರಸ್ತೆ ಹಿಡಿದರೆ ಸೋನೋಮಾ ಊರು. ಊರ ನಡುವೆ ಮರಗಳಿಂದ ತುಂಬಿದ ದೊಡ್ಡ ಚೌಕ, ಸೋನೋಮಾ ಪ್ಲಾಜಾ. ಅದರ ಮೂಲೆಯಲ್ಲಿರುವ ಮಿಷನ್ 1823ರದ್ದು, ಕ್ಯಾಲಿಫೋರ್ನಿಯಾದ 21 ಮಿಷನ್‌ಗಳಲ್ಲಿ ಕೊನೆಯದು. 1846ರಲ್ಲಿ ಕ್ಯಾಲಿಫೋರ್ನಿಯಾ ಸ್ವತಂತ್ರ ಎಂದು ಸಾರಿ ಕರಡಿ ಬಾವುಟ ಹಾರಿಸಿದ್ದು ಇದೇ ಚೌಕದಲ್ಲಿ. ಆ ಗಣರಾಜ್ಯ ಒಂದು ತಿಂಗಳೂ ಬಾಳಲಿಲ್ಲ, ಕರಡಿ ಮಾತ್ರ ಇವತ್ತಿಗೂ ರಾಜ್ಯದ ಬಾವುಟದಲ್ಲಿದೆ.

ಚೌಕದ ಬೆಂಚಿನ ಮೇಲೆ ಮನೆಯಿಂದ ತಂದ ಪುಳಿಯೋಗರೆ, ಮೊಸರನ್ನ ಬಿಚ್ಚಿ. ಬೇಕಾದರೆ ಪಕ್ಕದ ಅಂಗಡಿಯಿಂದ ಬ್ರೆಡ್ಡು, ಚೀಸ್ ತನ್ನಿ. ಮಧ್ಯಾಹ್ನದ ಊಟದ ಖರ್ಚು ಅಲ್ಲಿಗೆ ಮುಗಿಯಿತು. ಚೌಕದ ಸುತ್ತಲೇ ಹತ್ತಾರು ಟೇಸ್ಟಿಂಗ್ ರೂಮುಗಳಿವೆ, ನಡೆದೇ ಹೋಗಬಹುದು. ತೋಟವನ್ನೇ ನೋಡಬೇಕೆಂದರೆ ಹತ್ತಿರದಲ್ಲೇ 1857ರಲ್ಲಿ ಶುರುವಾದ ಬ್ಯುಯೆನಾ ವಿಸ್ಟಾ ವೈನರಿ ಇದೆ. ಸೋನೋಮಾದಲ್ಲಿ ಶುಲ್ಕ ಒಟ್ಟಾರೆ ನಾಪಾಕ್ಕಿಂತ ಕಡಿಮೆ.

ಅಲ್ಲಿಂದ 12ನೇ ರಸ್ತೆಯಲ್ಲಿ ಸ್ವಲ್ಪ ದೂರ ಹೋದರೆ ಗ್ಲೆನ್ ಎಲೆನ್. ಕಾದಂಬರಿಕಾರ ಜ್ಯಾಕ್ ಲಂಡನ್ ಬದುಕಿ ಮಡಿದ ಜಮೀನು ಈಗ ಸ್ಟೇಟ್ ಪಾರ್ಕ್ ಆಗಿದೆ. ಅವನು ಆಸೆಪಟ್ಟು ಕಟ್ಟಿಸಿದ ವುಲ್ಫ್ ಹೌಸ್ ಎಂಬ ಕಲ್ಲಿನ ಮನೆ, ವಾಸಕ್ಕೆ ಬರುವ ಮುಂಚೆಯೇ 1913ರಲ್ಲಿ ಸುಟ್ಟುಹೋಯಿತು. ಅದರ ಗೋಡೆಗಳು ಮರಗಳ ನಡುವೆ ಇನ್ನೂ ನಿಂತಿವೆ. ಕಾರಿಗೆ ಪ್ರವೇಶ ಶುಲ್ಕ ಕೊಟ್ಟರೆ ಮಧ್ಯಾಹ್ನವಿಡೀ ನಡೆದಾಡಬಹುದು. ರಾತ್ರಿ ವಾಸ ಸಾಂಟಾ ರೋಸಾದಲ್ಲಿ, ಬ್ರೇಕ್‌ಫಾಸ್ಟ್ ಕೊಡುವ ಸಾಧಾರಣ ಹೋಟೆಲಿನಲ್ಲಿ. ಟೆಂಟ್ ಹಾಕುವ ಉತ್ಸಾಹ ಇರುವವರಿಗೆ ಕೆನ್‌ವುಡ್ ಬಳಿ ಶುಗರ್‌ಲೋಫ್ ರಿಜ್, ಕ್ಯಾಲಿಸ್ಟೋಗಾ ಬಳಿ ಬೋಥಿ-ನಾಪಾ ಸ್ಟೇಟ್ ಪಾರ್ಕುಗಳಿವೆ.

ಎರಡನೇ ದಿನ: ನಾಪಾ

ಸಾಂಟಾ ರೋಸಾದಿಂದ ಬೆಟ್ಟದ ರಸ್ತೆಯಲ್ಲಿ ಮುಕ್ಕಾಲು ಗಂಟೆಯೊಳಗೆ ಕ್ಯಾಲಿಸ್ಟೋಗಾ. ಅಲ್ಲಿಂದ ಏಳು ಮೈಲಿ ಉತ್ತರಕ್ಕೆ ರಾಬರ್ಟ್ ಲೂಯಿ ಸ್ಟೀವನ್ಸನ್ ಸ್ಟೇಟ್ ಪಾರ್ಕ್. ಕಡಿಮೆ ಖರ್ಚಿನಲ್ಲಿ ನಾಪಾಗೆ ಬಂದ ಜೋಡಿಗಳಲ್ಲಿ ಇವರೇ ನಮ್ಮ ಹಿರಿಯರು! ಟ್ರೆಷರ್ ಐಲ್ಯಾಂಡ್ ಬರೆದು ಹೆಸರಾಗುವ ಮುಂಚೆ, 1880ರಲ್ಲಿ, ಸ್ಟೀವನ್ಸನ್ ಹೊಸದಾಗಿ ಮದುವೆಯಾದ ಫ್ಯಾನಿಯನ್ನು ಕರೆದುಕೊಂಡು ಹನಿಮೂನಿಗೆ ಇಲ್ಲಿಗೆ ಬಂದ. ವಾರಕ್ಕೆ ಹತ್ತು ಡಾಲರಿನ ಹೋಟೆಲ್ ಬಾಡಿಗೆ ಕೊಡುವ ಶಕ್ತಿ ಇರಲಿಲ್ಲ. ಸಿಲ್ವರಾಡೋ ಎಂಬ ಪಾಳುಬಿದ್ದ ಗಣಿಯ ಕೆಲಸಗಾರರ ಮನೆಯಲ್ಲಿ ಸಂಸಾರ ಹೂಡಿದರು. ಆ ಬೇಸಿಗೆಯ ಅನುಭವವನ್ನೇ 1883ರಲ್ಲಿ ದಿ ಸಿಲ್ವರಾಡೋ ಸ್ಕ್ವಾಟರ್ಸ್ ಎಂಬ ಪುಸ್ತಕ ಮಾಡಿದ. ಆ ಜಾಗಕ್ಕೆ ರಸ್ತೆಯಿಂದ ಸುಮಾರು ಒಂದು ಮೈಲಿ ಕಾಡಿನ ಏರುದಾರಿ. ಈಗ ಅಲ್ಲಿ ಒಂದು ಕಲ್ಲಿನ ಸ್ಮಾರಕ ಮಾತ್ರ ಇದೆ.

ಕೆಳಗಿಳಿದು ಸೇಂಟ್ ಹೆಲೆನಾ ಕಡೆಗೆ ಬನ್ನಿ. ನಾಪಾದಲ್ಲಿ ಅಪಾಯಿಂಟ್‌ಮೆಂಟ್ ಇಲ್ಲದೆ ಹೋದರೆ ಬಹಳ ಕಡೆ ಬಾಗಿಲಿಂದಲೇ ವಾಪಸು. ಅದಕ್ಕೆ ಕಾರಣವಿದೆ. ಕಣಿವೆ ಪ್ರವಾಸಿಗರಿಂದ ತುಂಬಿ ವ್ಯವಸಾಯ ಕೆಡಬಾರದೆಂದು ನಾಪಾ ಕೌಂಟಿ 1990ರಲ್ಲಿ ಮಾಡಿದ ಕಾನೂನಿನ ಪ್ರಕಾರ, ಆ ನಂತರ ಬಂದ ವೈನರಿಗಳು ಮೊದಲೇ ಸಮಯ ಗೊತ್ತು ಮಾಡಿಕೊಂಡವರಿಗೆ ಮಾತ್ರ ಟೇಸ್ಟಿಂಗ್ ಕೊಡಬೇಕು. ಬೆಳಗಿನ ಮೊದಲ ಹೊತ್ತನ್ನೇ ಕೇಳಿ. ಜನ ಕಡಿಮೆ, ಸುರಿಯುವವರಿಗೂ ಮಾತಾಡಲು ಪುರಸೊತ್ತು. ವಾಪಸು ಬರುವಾಗ 29ನೇ ಹೆದ್ದಾರಿ ಬಿಟ್ಟು, ಅದಕ್ಕೆ ಸಮಾನಾಂತರವಾಗಿರುವ ಸಿಲ್ವರಾಡೋ ಟ್ರೇಲ್ ಹಿಡಿಯಿರಿ. ತೋಟಗಳ ನೋಟ ಚೆನ್ನ, ಟ್ರಾಫಿಕ್ ಕಡಿಮೆ.

ಟೇಸ್ಟಿಂಗ್‌ನಲ್ಲಿ ಕೇಳಬೇಕಾದ್ದು

ಬುಕ್ ಮಾಡುವಾಗಲೇ ಎರಡು ಪ್ರಶ್ನೆ ಕೇಳಿ. ಕುಡಿಯದೆ ಜೊತೆಗೆ ಕೂರುವವರಿಗೂ ಶುಲ್ಕ ಇದೆಯೇ? ಇಬ್ಬರೂ ಒಂದೇ ಟೇಸ್ಟಿಂಗ್ ಹಂಚಿಕೊಳ್ಳಬಹುದೇ? ಕೆಲವರು ಒಪ್ಪುತ್ತಾರೆ, ಕೆಲವರು ಒಪ್ಪುವುದಿಲ್ಲ. ಬಾಟಲಿ ಕೊಂಡರೆ ಟೇಸ್ಟಿಂಗ್ ಶುಲ್ಕ ಬಿಡುವವರೂ ಇದ್ದಾರೆ. ಕೊನೆಯಲ್ಲಿ ವೈನ್ ಕ್ಲಬ್ಬಿನ ಫಾರಂ ಮುಂದಿಡುತ್ತಾರೆ. ಸೇರಿದರೆ ಇವತ್ತಿನ ಶುಲ್ಕ ಮಾಫಿ, ಆದರೆ ವರ್ಷಕ್ಕೆ ಹಲವು ಸಲ ಬಾಟಲಿಗಳೂ ಬಿಲ್ಲೂ ಮನೆಗೆ ಬರುತ್ತವೆ. ನಗುತ್ತಾ ಬೇಡ ಅನ್ನಿ. ಕಾಸ್ಟ್‌ಕೋದಲ್ಲಿ ಸಿಗುವ ವೈನನ್ನು ಅಲ್ಲಿ ಕೊಳ್ಳಬೇಡಿ, ಬೇರೆಲ್ಲೂ ಸಿಗದ ಒಂದೆರಡು ಬಾಟಲಿ ಸಾಕು.

ಸಸ್ಯಾಹಾರಿಗಳಿಗೊಂದು ಮಾತು. ವೈನನ್ನು ತಿಳಿಯಾಗಿಸಲು ಕೆಲವು ಕಡೆ ಮೊಟ್ಟೆಯ ಬಿಳಿಭಾಗ, ಜೆಲಟಿನ್, ಮೀನಿನ ಗಾಳಿಚೀಲದಿಂದ ತೆಗೆದ ಐಸಿಂಗ್ಲಾಸ್ ಬಳಸುತ್ತಾರೆ. ಬೆಂಟೊನೈಟ್ ಎಂಬ ಜೇಡಿಮಣ್ಣು ಬಳಸುವವರೂ ಉಂಟು. "ಇದು ವೀಗನ್ನೇ?" ಎಂದು ಕೇಳಿದರೆ ಹೇಳುತ್ತಾರೆ, ಸಂಕೋಚ ಬೇಡ.

ಡ್ರೈವ್ ಮಾಡುವವರು ಯಾರು?

ಇದನ್ನು ಹೊರಡುವ ಮುಂಚೆಯೇ ತೀರ್ಮಾನ ಮಾಡಿ. ದುಡ್ಡಿನ ಲೆಕ್ಕಕ್ಕಿಂತ ಇದು ದೊಡ್ಡದು. ಒಂದು ಟೇಸ್ಟಿಂಗ್‌ನಲ್ಲಿ ಐದು ಬಗೆ, ಒಂದೊಂದೂ ಒಂದರಿಂದ ಒಂದೂವರೆ ಔನ್ಸ್ ಅಂದರೂ ಒಟ್ಟು ಐದರಿಂದ ಏಳೂವರೆ ಔನ್ಸ್. ಐದು ಔನ್ಸಿಗೆ ಒಂದು ಗ್ಲಾಸ್ ಎಂದು ಲೆಕ್ಕ. ಎರಡು ವೈನರಿ ಸುತ್ತಿದರೆ ಗೊತ್ತೇ ಆಗದೆ ಎರಡು ಮೂರು ಗ್ಲಾಸ್ ಒಳಗೆ ಹೋಗಿರುತ್ತದೆ. ನಾಪಾದ ಕೆಂಪು ವೈನಿನಲ್ಲಿ ಆಲ್ಕೋಹಾಲ್ 14-15 ಶೇಕಡಾ ಇರುವುದು ಸಾಮಾನ್ಯ. ಕ್ಯಾಲಿಫೋರ್ನಿಯಾದಲ್ಲಿ ರಕ್ತದ ಆಲ್ಕೋಹಾಲ್ ಮಿತಿ 0.08 ಶೇಕಡಾ. ಅದಕ್ಕಿಂತ ಕಡಿಮೆ ಇದ್ದರೂ ಡ್ರೈವಿಂಗ್ ಅಡ್ಡಾದಿಡ್ಡಿ ಆದರೆ ಪೊಲೀಸರು ಹಿಡಿಯಬಹುದು.

ವೀಸಾದ ಮೇಲಿರುವ ನಮ್ಮ ಹುಡುಗ ಹುಡುಗಿಯರು ಇದನ್ನು ಎರಡು ಸಲ ಓದಿ. ಕುಡಿದು ಕಾರು ಓಡಿಸಿದ್ದಕ್ಕೆ ಬಂಧನವಾದರೆ, ಕೋರ್ಟು ತೀರ್ಪು ಕೊಡುವ ಮುಂಚೆಯೇ ವೀಸಾ ರದ್ದುಪಡಿಸಲು 2015ರಿಂದ ಅಮೆರಿಕದ ವಿದೇಶಾಂಗ ಇಲಾಖೆಯ ನಿಯಮದಲ್ಲಿ ಅವಕಾಶವಿದೆ. ಊರಿಗೆ ಹೋದಾಗ ಹೊಸದಾಗಿ ಅರ್ಜಿ ಹಾಕಿ, ಅವರು ಹೇಳಿದ ಡಾಕ್ಟರ ಬಳಿ ತಪಾಸಣೆ ಮಾಡಿಸಿಕೊಂಡು ಬರಬೇಕಾದೀತು. ಅಷ್ಟರಲ್ಲಿ ಇಲ್ಲಿನ ಕೆಲಸ, ಮನೆ, ಮಕ್ಕಳ ಸ್ಕೂಲು? ಎರಡು ಸಲ ಶಿಕ್ಷೆಯಾದರೆ ಸಿಟಿಜನ್‌ಶಿಪ್ ಅರ್ಜಿಗೂ ಪೆಟ್ಟು.

ಇಬ್ಬರೂ ರುಚಿ ನೋಡುವವರಾದರೆ ದಿನಕ್ಕೊಬ್ಬರು ಸರದಿ ಹಾಕಿಕೊಳ್ಳಿ. ಇಲ್ಲವೇ ರುಚಿ ನೋಡಿ ಉಗುಳಿ. ಅದಕ್ಕೆಂದೇ ಪಾತ್ರೆ ಇಟ್ಟಿರುತ್ತಾರೆ, ಯಾರೂ ತಪ್ಪು ತಿಳಿಯುವುದಿಲ್ಲ. ತೆರೆದ ಬಾಟಲಿ ಏನಿದ್ದರೂ ಟ್ರಂಕಿನಲ್ಲಿ, ಸೀಟಿನ ಬಳಿ ಬೇಡ.

ನಮ್ಮ ಕಳೆದ ಪ್ರವಾಸದ ಲೆಕ್ಕ (ಡಾಲರುಗಳಲ್ಲಿ)

ಗ್ಯಾಸ್, ಸೇತುವೆ ಸುಂಕ: 50
ಹೋಟೆಲ್, ತೆರಿಗೆ ಸೇರಿ: 135
ಸೋನೋಮಾ ಟೇಸ್ಟಿಂಗ್, ನನಗೊಬ್ಬಳಿಗೆ: 35
ನಾಪಾ ಟೇಸ್ಟಿಂಗ್, ನನಗೊಬ್ಬಳಿಗೆ: 60
ಪಾರ್ಕಿನ ಶುಲ್ಕ: 10
ರಾತ್ರಿ ಊಟ: 75
ಎರಡು ಬಾಟಲಿ ವೈನ್: 70
ಚೀಸ್, ಬ್ರೆಡ್ಡು, ಕಾಫಿ, ಟಿಪ್ಸ್: 35
ಒಟ್ಟು: 470

ಇಬ್ಬರೂ ಕುಡಿಯದವರಾದರೆ ಟೇಸ್ಟಿಂಗ್, ಬಾಟಲಿ ಎರಡೂ ಬಿಟ್ಟು 305ಕ್ಕೆ ಮುಗಿಯಿತು. ಸಾಸಿವೆ ಹೂವಿಗೆ, ಬೆಟ್ಟದ ದಾರಿಗೆ ಯಾರೂ ದುಡ್ಡು ಕೇಳುವುದಿಲ್ಲ.

ರಾತ್ರಿ ಉಳಿಯಲು ಆಗದವರಿಗೆ

ಲಿವರ್‌ಮೋರ್ ದೇವಸ್ಥಾನಕ್ಕೆ ನಾವೆಲ್ಲ ಎಷ್ಟು ಸಲ ಹೋಗಿದ್ದೇವೆ! ಅಲ್ಲಿಂದ ಕೆಲವೇ ಮೈಲಿಯಲ್ಲಿ 1883ರಲ್ಲಿ ಶುರುವಾದ ವೆಂಟಿ ಮತ್ತು ಕಾನ್‌ಕ್ಯಾನನ್ ವೈನರಿಗಳಿವೆ. ಆ ಕಣಿವೆಯಲ್ಲಿ ಐವತ್ತರ ಹತ್ತಿರ ವೈನರಿಗಳಿದ್ದು, ಶುಲ್ಕ ನಾಪಾಕ್ಕಿಂತ ಎಷ್ಟೋ ಕಡಿಮೆ. ಸ್ಯಾಕ್ರಮೆಂಟೋ ಕಡೆಯವರಿಗೆ ಹಳೆಯ ಜಿನ್‌ಫಂಡೆಲ್ ಬಳ್ಳಿಗಳ ಲೋಡೈ ಹತ್ತಿರ. ಇನ್ನು ಊರಿಗೆ ಹೋದಾಗ ನಂದಿಬೆಟ್ಟದ ತಪ್ಪಲಿನ ದೊಡ್ಡಬಳ್ಳಾಪುರ ಕಡೆ ಹೋಗಿ ನೋಡಿ. ಗ್ರೋವರ್ ಅವರು 1980ರ ದಶಕದಲ್ಲಿ ಅಲ್ಲಿ ಫ್ರೆಂಚ್ ತಳಿಗಳ ದ್ರಾಕ್ಷಿ ತೋಟ ಮಾಡಿದರು. ಬೆಂಗಳೂರು ಬ್ಲೂ ದ್ರಾಕ್ಷಿಯಂತೂ ನಮ್ಮದೇ.

ಈ ಸಲದ ಸಾಸಿವೆ ಹೂವಿನ ಕಾಲಕ್ಕೆ ಹೊರಡುವುದಾದರೆ ಮೊದಲು ಮಕ್ಕಳನ್ನು ನೋಡಿಕೊಳ್ಳುವ ಮನೆ ಗೊತ್ತು ಮಾಡಿ, ಆಮೇಲೆ ಹೋಟೆಲ್, ಕೊನೆಗೆ ವೈನರಿ. ದರಗಳು ಬದಲಾಗುತ್ತಿರುತ್ತವೆ, ಬುಕ್ ಮಾಡುವಾಗ ಇನ್ನೊಮ್ಮೆ ನೋಡಿಕೊಳ್ಳಿ. ಹೋಗಿ ಬಂದವರು ನಿಮ್ಮ ಲೆಕ್ಕ ಬರೆದು ಕಳಿಸಿ. ನಮ್ಮ 470ಕ್ಕಿಂತ ಕಡಿಮೆ ಮಾಡಿದವರ ಪಟ್ಟಿಯನ್ನು ಮುಂದಿನ ಸಂಚಿಕೆಯಲ್ಲಿ ಹಾಕೋಣ!