ಹಳೆಯ ಸ್ಪೀಕರುಗಳನ್ನು ಬದಲಿಸಬೇಕೆ?

ಪವಾಯಿಯ ನಮ್ಮ ಮನೆಯ ಹಜಾರದಲ್ಲಿ 2001ರಿಂದ ಒಂದು ಜೊತೆ ಸ್ಪೀಕರುಗಳಿವೆ. ತೀರಿಹೋದ ತಂದೆಯವರು ಭೀಮಸೇನ ಜೋಶಿಯವರ ಗಾಯನವನ್ನು ಆಲಿಸುತ್ತಿದ್ದುದು ಇವುಗಳಲ್ಲಿಯೇ. ಕಳೆದ ಮಳೆಗಾಲದಲ್ಲಿ, ಡಗ್ಗಾದ ಪ್ರತಿ ಪೆಟ್ಟಿಗೂ ಬಲಗಡೆಯದು ಕರಕರನೆ ಒದರತೊಡಗಿತು. "ಅಪ್ಪಾ, ಹೊಸವನ್ನು ತರೋಣ" ಎಂದನು ಮಗ. ನನಗೆ ಸಿಟ್ಟೇ ಬಂದಿತು.

ಮುಂದಿನ ಬಟ್ಟೆಯನ್ನು ತೆಗೆದು ನೋಡಲಾಗಿ, ಕಾಗದದ ಶಂಕುವು ಸುಸ್ಥಿತಿಯಲ್ಲಿದ್ದಿತು. ಅದನ್ನು ಚೌಕಟ್ಟಿಗೆ ಕೂಡಿಸುವ ಫೋಮಿನ ಅಂಚು ಮಾತ್ರ ಮುಟ್ಟಿದಲ್ಲೆಲ್ಲ ಪುಡಿಯಾಗುತ್ತಿತ್ತು. ಇಂತಹ ಫೋಮು ಗಾಳಿಯ ತೇವದಿಂದ 15-20 ವರ್ಷಗಳಲ್ಲಿ ಶಿಥಿಲವಾಗುವುದು ಸಾಮಾನ್ಯ. 1891ರಲ್ಲಿ ಕಟ್ಟಿಸಿದ ಕೆರೆಯ ಮಗ್ಗುಲಲ್ಲಿ ವಾಸಿಸುವ ನಮಗೆ ತೇವಕ್ಕೇನು ಕೊರತೆ!

ಶಂಕುವನ್ನು ಬೆರಳುಗಳಿಂದ ಎಲ್ಲ ಕಡೆಗೂ ಸಮನಾಗಿ, ಮೆಲ್ಲನೆ ಒತ್ತಿ ನೋಡಿದೆನು. ವಾಚಕರೂ ಹೊಸದನ್ನು ಕೊಳ್ಳುವ ಮುನ್ನ ಹೀಗೆ ಪರೀಕ್ಷಿಸಬಹುದು. ಒಳಗಿನ ತಂತಿಸುರುಳಿ ಉಜ್ಜಿದ ಸದ್ದು ಕೇಳಿಸಿದ್ದರೆ ಮಗನ ಮಾತೇ ಸರಿಯಾಗುತ್ತಿತ್ತು. ಕೇಳಿಸಲಿಲ್ಲ.

ಹಾಗಾದರೆ ಅಂಚನ್ನಷ್ಟೇ ಬದಲಿಸಿದರಾಯಿತು. ರಬ್ಬರಿನ ಅಂಚು ಹೆಚ್ಚು ಕಾಲ ಬಾಳುವುದು ನಿಜ; ಆದರೆ ಅದರ ಭಾರವೂ ಬಿಗುವೂ ಬೇರೆಯಾದುದರಿಂದ ಮಂದ್ರಸ್ವರಗಳ ನಾದ ಬದಲಾದೀತು. ಆದುದರಿಂದ ಫೋಮಿನದನ್ನೇ ಹಾಕಿಸಬೇಕೆಂದು ನಿಶ್ಚಯಿಸಿದ್ದೇನೆ. ಹೊಸ ಸ್ಪೀಕರುಗಳು ಇವಕ್ಕಿಂತ ಸ್ಪಷ್ಟವಾಗಿ ನುಡಿದಾವೆಂಬುದನ್ನು ನಾನು ಅಲ್ಲಗಳೆಯುವವನಲ್ಲ. ತಂದೆಯವರು ಕೇಳಿದ ದನಿ ಅವುಗಳದಲ್ಲ, ಅಷ್ಟೆ.

ಬರುವ ಶನಿವಾರ ಲ್ಯಾಮಿಂಗ್ಟನ್ ರಸ್ತೆಗೆ ಹೊರಡುವುದಿದೆ. ಎಡಬಲಗಳ ದನಿ ಸಮವಾಗಿರಬೇಕಾದರೆ ಎರಡಕ್ಕೂ ಒಟ್ಟಿಗೆ ಅಂಚು ಹಾಕಿಸಬೇಕು. ಎರಡನ್ನೂ ಕೆಳಗಿಳಿಸಿ ಟ್ಯಾಕ್ಸಿಯಲ್ಲಿಡುವ ಹೊಣೆಯನ್ನು ಮಗನು ತಾನಾಗಿಯೇ ಹೊತ್ತಿದ್ದಾನೆ.