ಪೈಪಿನ ಲೆಕ್ಕಕ್ಕೂ ಎರಡನೇ ಸಹಿ ಬೇಕು

ಪುಣೆಯ ಕನ್ನಡಿಗರೆಂದರೆ ಹೋಟೆಲು, ಬ್ಯಾಂಕು, ಶಾಲೆ ಎಂದಷ್ಟೇ ತಿಳಿದಿದ್ದ ಕಾಲ ಹೋಗಿ ಬಹಳ ವರ್ಷಗಳಾದವು. ಈಗ ಸಂಘದ ಸಮಾರಂಭಗಳಲ್ಲಿ ಸಿಗುವ ಯುವಕ ಯುವತಿಯರಲ್ಲಿ ಸಾಫ್ಟ್‌ವೇರಿನವರೇ ಹೆಚ್ಚು. ಅವರ ನಡುವೆ ‘ನಾನು ಪೈಪಿಂಗ್ ಸ್ಟ್ರೆಸ್ ಇಂಜಿನಿಯರ್’ ಎನ್ನುವವರೂ ಇದ್ದಾರೆ. ‘ಅಂದರೆ ಪ್ಲಂಬಿಂಗೇನಪ್ಪಾ?’ ಎಂದು ಹಿರಿಯರು ಕೇಳಿದಾಗ ಅವರು ನಕ್ಕು ಸುಮ್ಮನಾಗುತ್ತಾರೆ. ಆದ್ದರಿಂದ ಅವರ ಪರವಾಗಿ ಈ ನಾಲ್ಕು ಮಾತು.

ಉಕ್ಕು ಕಾದರೆ ಹಿಗ್ಗುತ್ತದೆ. ಬೆಳಗಾವಿ, ಬಾಗಲಕೋಟೆ ಕಡೆಯ ಸಕ್ಕರೆ ಕಾರ್ಖಾನೆಗಳಲ್ಲಿ ಕಬ್ಬಿನ ಸಿಪ್ಪೆ ಉರಿಸಿ ವಿದ್ಯುತ್ ತಯಾರಿಸುವುದನ್ನು ಓದುಗರು ಕಂಡಿರಬಹುದು. ಅಂಥ ಕಡೆ ಬಾಯ್ಲರಿನಿಂದ ಟರ್ಬೈನಿಗೆ ಹೋಗುವ ಉಗಿಯ ಬಿಸಿ 500 ಡಿಗ್ರಿಯ ಆಸುಪಾಸು ಇರುತ್ತದೆ. 100 ಮೀಟರ್ ಉದ್ದದ ಪೈಪು ಅಷ್ಟು ಕಾದರೆ ಅರ್ಧ ಮೀಟರಿಗೂ ಮಿಕ್ಕಿ ಬೆಳೆಯುತ್ತದೆ. ಎರಡೂ ತುದಿ ಬಿಗಿದಿಟ್ಟರೆ ಪೈಪು ಬಾಗಬೇಕು, ಇಲ್ಲವೇ ಟರ್ಬೈನಿನ ಬಾಯನ್ನೇ ಒತ್ತಬೇಕು. ಹೀಗಾಗದಂತೆ ಎಲ್ಲಿ ಲೂಪ್ ಕೊಡಬೇಕು, ಎಲ್ಲಿ ಬಿಗಿಯಬೇಕು, ಎಲ್ಲಿ ಸರಿಯಲು ಬಿಡಬೇಕು ಎಂದು ‘ಸೀಸರ್ ಟು’ ಎಂಬ ಸಾಫ್ಟ್‌ವೇರಿನಲ್ಲಿ ಲೆಕ್ಕ ಹಾಕುವುದು ಇವರ ಉದ್ಯೋಗ. ಪೈಪಿನ ತೂಕ, ಒಳಗಿನ ಒತ್ತಡ, ಗಾಳಿ, ಭೂಕಂಪ ಎಲ್ಲವೂ ಆ ಲೆಕ್ಕದಲ್ಲಿ ಬರುತ್ತವೆ.

ಈ ಕೆಲಸಕ್ಕೆ ಪುಣೆ ಹೇಳಿ ಮಾಡಿಸಿದ ಊರು. ಬಾಯ್ಲರಿಗೆ ಹೆಸರಾದ ಥರ್ಮ್ಯಾಕ್ಸ್ ಇಲ್ಲಿಯದು. 1983ರಲ್ಲಿ ಪ್ರಮೋದ್ ಚೌಧರಿ ಅವರು ಸ್ಥಾಪಿಸಿದ, ಎಥೆನಾಲ್ ಘಟಕಗಳನ್ನು ಕಟ್ಟುವ ಪ್ರಾಜ್ ಇಂಡಸ್ಟ್ರೀಸ್ ಕೂಡ ಇಲ್ಲಿಯದೇ. 2014ರಲ್ಲಿ ಶೇ. 1.5ರಷ್ಟಿದ್ದ ಪೆಟ್ರೋಲಿನಲ್ಲಿನ ಎಥೆನಾಲ್ ಪಾಲು 2025ರಲ್ಲಿ ಶೇ. 20ಕ್ಕೆ ಮುಟ್ಟಿತು.

ಆಫೀಸಿನಲ್ಲಿ ಮಾತ್ರ ಸ್ಟ್ರೆಸ್ ಇಂಜಿನಿಯರ್ ಎಲ್ಲರ ಕಣ್ಣಿಗೆ ಅಡ್ಡಗಾಲು. ಪೈಪು ನೇರ ಹೋದರೆ ಖರ್ಚು ಕಡಿಮೆ; ಇವರು ತಿರುವು ಕೊಡಿ ಎನ್ನುತ್ತಾರೆ. ತಿರುವು ಹೆಚ್ಚಾದರೆ ಒತ್ತಡ ಇಳಿಯುತ್ತದೆಂದು ಪ್ರೋಸೆಸ್ ವಿಭಾಗದವರ ತಕರಾರು. ನಮ್ಮ ಬ್ಯಾಂಕಿನಲ್ಲಿ ವೋಚರ್ ಪಾಸು ಮಾಡದೆ ಕೂರುವ ಅಧಿಕಾರಿಗೆ ಸಿಗುವ ಮರ್ಯಾದೆಯೇ ಇವರಿಗೂ!

ಆ ಎರಡನೇ ಸಹಿ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಇಂಗ್ಲೆಂಡಿನ ಫ್ಲಿಕ್ಸ್‌ಬರೋ ಸಾಕ್ಷಿ. ಅಲ್ಲಿನ ರಾಸಾಯನಿಕ ಕಾರ್ಖಾನೆಯಲ್ಲಿ ಸಾಲಾಗಿದ್ದ ಆರು ರಿಯಾಕ್ಟರುಗಳ ಪೈಕಿ ಐದನೆಯದು ಬಿರುಕು ಬಿಟ್ಟಿತು. ಅದನ್ನು ತೆಗೆದು, ನಾಲ್ಕಕ್ಕೂ ಆರಕ್ಕೂ ನಡುವೆ 20 ಇಂಚಿನ ತಾತ್ಕಾಲಿಕ ಪೈಪು ಜೋಡಿಸಿದರು. ನಕ್ಷೆ ಬರೆದದ್ದು ವರ್ಕ್‌ಶಾಪಿನ ನೆಲದ ಮೇಲೆ, ಸೀಮೆಸುಣ್ಣದಲ್ಲಿ. ವರ್ಕ್ಸ್ ಇಂಜಿನಿಯರರ ಹುದ್ದೆ ಆಗ ಖಾಲಿ ಇತ್ತು. ಅಂಕುಡೊಂಕಾದ ಆ ಪೈಪಿನ ಮೇಲೆ ಬೀಳುವ ಬಲಗಳ ಲೆಕ್ಕವನ್ನು ಯಾರೂ ಮಾಡಲಿಲ್ಲ. 1974ರ ಜೂನ್ 1ರ ಸಂಜೆ ಅದು ಒಡೆದು, ಸ್ಫೋಟದಲ್ಲಿ 28 ಮಂದಿ ಸತ್ತರು. ಶನಿವಾರವಾದ್ದರಿಂದ ಕಾರ್ಖಾನೆಯಲ್ಲಿ ಜನ ಕಡಿಮೆ ಇದ್ದರು.

ಹಸಿರು ಇಂಧನವೆಂದ ಮಾತ್ರಕ್ಕೆ ಈ ಅಪಾಯ ತಪ್ಪಿದ್ದಲ್ಲ. 2023ರ ಜನವರಿಯಲ್ಲಿ ಕೇಂದ್ರ ಸಂಪುಟ ಒಪ್ಪಿದ 19,744 ಕೋಟಿ ರೂ.ಗಳ ಹಸಿರು ಹೈಡ್ರೋಜನ್ ಯೋಜನೆಯನ್ನೇ ನೋಡಿ. ಹೈಡ್ರೋಜನ್ ಸಣ್ಣ ಸಂದಿಯಲ್ಲೂ ಸೋರುತ್ತದೆ, ಉಕ್ಕನ್ನು ಪೆಡಸಾಗಿಸುತ್ತದೆ. ಅದರ ಜ್ವಾಲೆ ಹಗಲಿನಲ್ಲಿ ಕಣ್ಣಿಗೆ ಕಾಣುವುದೇ ಕಷ್ಟ.

ಮೆಕ್ಯಾನಿಕಲ್ ಬಿ.ಇ. ಓದುತ್ತಿರುವ ಮಕ್ಕಳಿರುವ ಸದಸ್ಯರು ಈ ಕ್ಷೇತ್ರದತ್ತಲೂ ಗಮನಿಸಬೇಕು. ಸಾಫ್ಟ್‌ವೇರ್ ತರಗತಿಗೆ ದುಡ್ಡು ಕಟ್ಟಿದರಷ್ಟೇ ಸಾಲದು, ಮೊದಲೆರಡು ವರ್ಷ ಸೈಟಿಗೆ ಕಳಿಸಲು ಅಂಜಬಾರದು. ಪೈಪನ್ನು ಹೊರುವ ಸ್ಪ್ರಿಂಗ್ ಹ್ಯಾಂಗರಿನ ಮೇಲೆ ತಣ್ಣಗಿದ್ದಾಗ ಒಂದು, ಕಾದಾಗ ಒಂದು ಎಂದು ಎರಡು ಗುರುತುಗಳಿರುತ್ತವೆ. ಮೊದಲ ಸಲ ಉಗಿ ಬಿಟ್ಟಾಗ ಮುಳ್ಳು ನಿಧಾನವಾಗಿ ಸರಿದು ಎರಡನೇ ಗುರುತಿನಲ್ಲಿ ನಿಂತರೆ, ತಿಂಗಳುಗಟ್ಟಲೆ ಹಾಕಿದ ಲೆಕ್ಕ ತಾಳೆಯಾಯಿತು ಎಂದರ್ಥ.